ಪಟ್ಟೆಯಿಲ್ಲದ ಪುಸ್ತಕಗಳು

ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಇಷ್ಟು ಕಾಲ ಮುಂಬಯಿ ಕನ್ನಡಿಗರು ಸಂಘಗಳಲ್ಲಿ, ಚಾಳಿನ ಕೋಣೆಗಳಲ್ಲಿ ಕೂಡಿಟ್ಟ ಪುಸ್ತಕಗಳನ್ನು ಗಣಕಕ್ಕೇರಿಸುವ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಬಾರ್‌ಕೋಡ್ ಸ್ಕ್ಯಾನರು. ನನ್ನ ತಕರಾರು ಯಂತ್ರದ ಮೇಲಲ್ಲ, ಅದರ ಮೇಲೆ ನಾವಿಡುವ ಭರವಸೆಯ ಮೇಲೆ.

ಸ್ಕ್ಯಾನರು ಪುಸ್ತಕವನ್ನೇನೂ ಅರಿಯದು. ಕೀಲಿಮಣೆಯ ವೇಷ ಹಾಕಿ ಅಂಕಿಗಳನ್ನು ಒತ್ತುತ್ತದೆ, ಅಷ್ಟೆ. ಸಂಖ್ಯೆಯ ಹಿಂದೆ ಮುಂದೆ ಏನು ಸೇರಬೇಕು, ಕೊನೆಗೆ ಎಂಟರ್ ಬೀಳಬೇಕೋ ಟ್ಯಾಬೋ ಎಂಬುದನ್ನು ಕೈಪಿಡಿಯಲ್ಲಿ ಅಚ್ಚಾದ ಪಟ್ಟೆಗಳನ್ನೇ ತೋರಿಸಿ ಅದಕ್ಕೆ ಕಲಿಸಬೇಕು. ಈ ಪಾಠ ತಪ್ಪಿದರೆ 13 ಅಂಕಿಯ ಒಂದು ಐಎಸ್‌ಬಿಎನ್ನಿನ ಬಾಲಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ. ನಮ್ಮದೇ ದಾಖಲೆ ಸಂಖ್ಯೆ 000457 ಸ್ಪ್ರೆಡ್‌ಶೀಟಿನಲ್ಲಿ ಬರೀ 457 ಆಗಿ ಕೂರುತ್ತದೆ. ಮುಂದೊಂದು ಅಕ್ಷರ ಸೇರಿಸಲು ಸ್ಕ್ಯಾನರಿಗೆ ಹೇಳಿದರೆ ಸೊನ್ನೆಗಳು ಉಳಿದಾವು.

ಕನ್ನಡದ ಪಾಡು ಬೇರೆ. ಕೋಡ್ 39ರ ಪಟ್ಟೆಯಲ್ಲಿ ನಮ್ಮ ಲಿಪಿಗೆ ಜಾಗವಿಲ್ಲ. ಕ್ಯೂಆರ್‌ನಲ್ಲಿ ತುಂಬಬಹುದು, ಆದರೆ ಇಂಗ್ಲಿಷ್ ಕೀಲಿಮಣೆಯನ್ನು ಅನುಕರಿಸುವ ಯಂತ್ರದಿಂದ ಅದು ಹೊರಬರುವುದು ಬಹುತೇಕ ಕಲಸುಮೇಲೋಗರವಾಗಿ. ಆದ್ದರಿಂದ ಪಟ್ಟೆಯಲ್ಲಿ ಸಂಖ್ಯೆಯಷ್ಟೇ ಇರಲಿ, ಹೆಸರು ಯಾದಿಯಲ್ಲಿ ಕನ್ನಡದಲ್ಲೇ ಇರಲಿ.

ಇನ್ನು, ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ. ಆ ಕಾಲದ ಪ್ರತಿಗಳ ಬೆನ್ನಿಗೆ ಪಟ್ಟೆಯೆಲ್ಲಿಯದು? ‘ಸ್ಕ್ಯಾನ್ ಆಗದವು ಆಮೇಲೆ’ ಎಂದು ಬದಿಗೆ ಸರಿಸಿದ ರಾಶಿ, ಜಾಗದ ಬರವಿರುವ ಈ ಊರಿನಲ್ಲಿ, ರದ್ದಿಯವನ ತಕ್ಕಡಿಗೆ ಹತ್ತಿರ. ನಾನಾದರೆ ಆ ರಾಶಿಯಿಂದಲೇ ತೊಡಗುವೆ: ನಮ್ಮದೇ ಸಂಖ್ಯೆಯ ಚೀಟಿ ಅಂಟಿಸಿ, ಹೆಸರನ್ನು ಬೆರಳಿನಿಂದಲೇ ಒತ್ತಿ.