ಡಿಸೆಂಬರಿನ ದಾನಶೂರರಲ್ಲಿ ಒಂದು ಅರಿಕೆ

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ಮುಂಬಯಿಯಲ್ಲಿ ದಯೆಗೆ ಸುಗ್ಗಿ. ಬಾಂದ್ರಾ, ಮಾಹಿಮ್‌ಗಳ ಇಗರ್ಜಿಗಳ ಮುಂದೆ ನಕ್ಷತ್ರದೀಪಗಳು ತೂಗತೊಡಗಿದಂತೆ ಅನಾಥಾಲಯ, ವೃದ್ಧಾಶ್ರಮ, ಆಸ್ಪತ್ರೆಗಳ ಬಾಗಿಲಲ್ಲಿ ಕಾರುಗಳ ಸಾಲು ಹುಟ್ಟಿಕೊಳ್ಳುತ್ತದೆ. ಕೇಕು, ಬಿಸ್ಕತ್ತು, ಕಿತ್ತಳೆ ಹಣ್ಣು, ಕಂಬಳಿ, ಜೊತೆಗೆ ಕೆಂಪು ಟೊಪ್ಪಿಯ ಸಾಂಟಾಕ್ಲಾಸ್. ಕಚೇರಿಯವರು ಬರುತ್ತಾರೆ, ಕ್ಲಬ್ಬಿನವರು ಬರುತ್ತಾರೆ, ಹೌಸಿಂಗ್ ಸೊಸೈಟಿಯವರು ಬರುತ್ತಾರೆ. ಅವರ ಹಿಂದೆಯೇ ಬ್ಯಾನರ್ ಹಿಡಿದುಕೊಂಡು ನಮ್ಮಂತಹ ಭಾಷಿಕ ಸಂಘಗಳವರೂ ಬರುತ್ತಾರೆ. ಒಂದೇ ಮಗುವಿನ ಕೈಗೆ ಒಂದೇ ದಿನ ನಾಲ್ಕು ಕಡೆಯ ಕೇಕು ಬೀಳುತ್ತದೆ. ಜನವರಿ ಎರಡರಂದು ಅದೇ ಬಾಗಿಲಲ್ಲಿ ಯಾರೂ ಇರುವುದಿಲ್ಲ.

ಕೊಡುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೊಡದೆ ಕುಳಿತವನಿಗಿಂತ ಕೊಡಲು ಹೊರಟವನು ಯಾವತ್ತೂ ಮೇಲು. ಆದರೆ ಈ ದಾನದ ದಿನವನ್ನು ಗೊತ್ತುಮಾಡಿದ್ದು ಯಾರ ಅನುಕೂಲಕ್ಕೆ? ಪಡೆಯುವವನ ಹಸಿವಿಗೋ, ಕೊಡುವವನ ರಜೆಗೋ? ಹಬ್ಬ ಮುಗಿದ ಮೇಲೆ ಈ ಪ್ರಶ್ನೆ ಎತ್ತಿದರೆ ಕೇಳುವವರಿರುವುದಿಲ್ಲವಾದ್ದರಿಂದ ಹಬ್ಬದ ಮುಂದೆಯೇ ಎತ್ತುತ್ತಿದ್ದೇವೆ.

ಮೊದಲು ಇನ್ನೊಂದು ಗುಂಪಿನವರಿಗೆ ಉತ್ತರ ಹೇಳಿಬಿಡಬೇಕು. "ಕ್ರಿಸ್‌ಮಸ್ ನಮ್ಮ ಹಬ್ಬವಲ್ಲ, ನಮಗೇಕೆ ಈ ಉಸಾಬರಿ?" ಎನ್ನುವವರು ನಮ್ಮಲ್ಲಿದ್ದಾರೆ. ಮಂಗಳೂರು, ಕಾರವಾರಗಳ ಕ್ರೈಸ್ತ ಬಂಧುಗಳು ಈ ಮಹಾನಗರಕ್ಕೆ ನಮ್ಮಷ್ಟೇ ಹಿಂದೆ ಬಂದವರು. ಡಿಸೆಂಬರಿನಲ್ಲಿ ಅವರ ಮನೆಯಿಂದ ಬರುವ ಕುಸ್ವಾರಿನ ತಟ್ಟೆಯನ್ನು ಬೇಡವೆಂದು ಹಿಂದಕ್ಕೆ ಕಳಿಸಿದವರನ್ನು ನಾವು ಕಂಡಿಲ್ಲ. ತಿನ್ನುವಾಗ ಇಲ್ಲದ ಪರಕೀಯತೆ ಕೊಡುವಾಗ ಏಕೆ ನೆನಪಾಗಬೇಕು? ಹಸಿದವನು ಅನ್ನದ ಜಾತಿಯನ್ನು ಕೇಳುವುದಿಲ್ಲ. ಕೊಡುವವನು ದಿನದ ಜಾತಿಯನ್ನು ಕೇಳುವುದೂ ಸಲ್ಲದು. ಹಬ್ಬ ಯಾರದೆಂಬುದು ನಮ್ಮ ತಕರಾರಲ್ಲ. ದಾನವನ್ನೆಲ್ಲ ಒಂದು ದಿನಕ್ಕೆ ಕಟ್ಟಿಹಾಕಿ ಉಳಿದ ದಿನಗಳಿಗೆ ಕೈತೊಳೆದುಕೊಳ್ಳುವ ರೀತಿಯೇ ನಮ್ಮ ತಕರಾರು.

ಬರಿಯ ಮಾತು ಬೇಡ, ಕಣ್ಣೆದುರಿನ ಒಂದು ಉದಾಹರಣೆಯನ್ನೇ ನೋಡೋಣ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು 1941ರ ಫೆಬ್ರವರಿಯಲ್ಲಿ. ಅಂದಿನಿಂದ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಅಲ್ಲಿಗೆ ಬರುತ್ತಿದ್ದಾರೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಾದ ಮೇಲೂ ವಿಜಯಪುರ, ಬೆಳಗಾವಿಯ ಕಡೆಯ ಅನೇಕರಿಗೆ ಮುಂಬಯಿಯ ದಾರಿಯೇ ರೂಢಿ. ಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ಕೀಮೋಥೆರಪಿಯೆಂದರೆ ಎರಡು ಮೂರು ವಾರಗಳಿಗೊಮ್ಮೆ, ತಿಂಗಳುಗಟ್ಟಲೆ. ಅಷ್ಟು ಕಾಲ ರೋಗಿಯೂ ಜೊತೆಗೆ ಬಂದವರೂ ಎಲ್ಲಿರಬೇಕು, ಏನು ಉಣ್ಣಬೇಕು? ದಾದರಿನಲ್ಲಿ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ. ಮಕ್ಕಳಿಗಾಗಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ವಸತಿ ಕೇಂದ್ರಗಳಿವೆ. ಇಂತಹ ಸಂಸ್ಥೆಗಳು ದಿನನಿತ್ಯ ದುಡಿಯುತ್ತಿದ್ದರೂ ಜಾಗ ಸಾಲದೆ ಆಸ್ಪತ್ರೆಯ ಸುತ್ತಲ ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡ ಸಂಸಾರಗಳನ್ನು ಆ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ.

ಆ ಚಾಪೆಯ ಮೇಲೆ ಕುಳಿತಿರುವ ಇಂಡಿ ಅಥವಾ ಸಿಂದಗಿ ತಾಲ್ಲೂಕಿನ ರೈತನಿಗೆ ಡಿಸೆಂಬರ್ 25ರಂದು ಕೇಕು ಸಿಗುತ್ತದೆ, ಕಂಬಳಿಯೂ ಸಿಗುತ್ತದೆ. ಮುಂಬಯಿಯ ಚಳಿಗೆ ಎಷ್ಟು ಕಂಬಳಿ ಬೇಕೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅವನಿಗೆ ನಿಜವಾಗಿ ಬೇಕಾದುದು ಬೇರೆ. ಜುಲೈ ತಿಂಗಳಲ್ಲಿ ಮಳೆ ಜಡಿಯುವಾಗ ತಲೆಯ ಮೇಲೊಂದು ಸೂರು ಬೇಕು. ಮರಾಠಿ, ಹಿಂದಿ ಬಾರದ ಹೆಂಡತಿಯನ್ನು ಕರೆದುಕೊಂಡು ಯಾವ ಕಿಟಕಿಗೆ ಹೋಗಬೇಕು, ಯಾವ ಕಾಗದ ತೋರಿಸಬೇಕು, ಡಾಕ್ಟರು ಹೇಳಿದ್ದೇನು ಎಂದು ಅವನದೇ ಮಾತಿನಲ್ಲಿ ತಿಳಿಸುವ ಒಬ್ಬ ಮನುಷ್ಯ ಬೇಕು. ಕನ್ನಡದ ಹೆಸರಿನಲ್ಲಿ ಸಂಘ ಕಟ್ಟಿಕೊಂಡ ನಮ್ಮ ಬಳಿ ಈ ಕೊನೆಯ ವಸ್ತು ಹೇರಳವಾಗಿದೆ. ಅದಕ್ಕೆ ಕಾಸೂ ಬೇಡ. ನಾವು ಕೊಡದಿರುವುದು ಅದನ್ನೇ.

ಇನ್ನು ರಕ್ತದಾನ. ಹಬ್ಬದ ವಾರದಲ್ಲಿ ಶಿಬಿರ ನಡೆಸಿ ನೂರಾರು ಬಾಟ್ಲಿ ಕೂಡಿಸಿದೆವೆಂದು ಹೆಮ್ಮೆಪಡುವ ಸಂಘಟನೆಗಳುಂಟು. ಒಳ್ಳೆಯದೇ. ಆದರೆ ಕೆಂಪು ರಕ್ತಕಣಗಳನ್ನು ರಕ್ತನಿಧಿಯಲ್ಲಿ ಕಾಪಾಡಿ ಇಡಬಹುದಾದದ್ದು 35ರಿಂದ 42 ದಿನ ಮಾತ್ರ. ಕೀಮೋಥೆರಪಿಯಿಂದ ಬಳಲಿದವರಿಗೆ ಮೇಲಿಂದ ಮೇಲೆ ಬೇಕಾಗುವ ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಡಿಸೆಂಬರಿನ ಔದಾರ್ಯ ಫೆಬ್ರವರಿಯನ್ನು ಕಾಣುವುದಿಲ್ಲ. ಮುಂಬಯಿಯಲ್ಲಿ ರಕ್ತಕ್ಕೆ ಬರ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ಕಾಲೇಜುಗಳಿಗೆ ರಜೆ; ನಾವೆಲ್ಲ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಮಾವಿನ ಹಣ್ಣು ತಿನ್ನಲು ಊರಿಗೆ ಹೋಗಿರುತ್ತೇವೆ. ಕ್ಯಾನ್ಸರಿಗೆ ಬೇಸಿಗೆ ರಜೆಯಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

"ಏನೂ ಇಲ್ಲದ್ದಕ್ಕಿಂತ ಒಂದು ದಿನವಾದರೂ ಮಾಡುವುದು ಲೇಸಲ್ಲವೆ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಆ ಒಂದು ದಿನ ಒಂದು ಅಪಾಯವನ್ನೂ ತರುತ್ತದೆ: ಅದು ನಮ್ಮ ಮನಸ್ಸಾಕ್ಷಿಯನ್ನು ಮಲಗಿಸುತ್ತದೆ. ಕೇಕು ಹಂಚಿ, ಚಿತ್ರ ತೆಗೆಸಿ, ಮೊಬೈಲಿನಲ್ಲಿ ನಾಲ್ಕು ಜನಕ್ಕೆ ಕಳಿಸಿದ ಮೇಲೆ 'ನಮ್ಮ ಪಾಲಿನದು ಮುಗಿಯಿತು' ಎಂಬ ನೆಮ್ಮದಿ ಹುಟ್ಟುತ್ತದೆ. ಇನ್ನು, ಚಿತ್ರವಿಲ್ಲದಿದ್ದರೆ ಇತರರಿಗೆ ಪ್ರೇರಣೆ ಹೇಗೆ ಎಂಬ ವಾದ. ಯಾರ ಜನ್ಮದಿನವನ್ನು ಆಚರಿಸುತ್ತಿದ್ದೇವೋ ಆ ಯೇಸುವೇ ಪರ್ವತದ ಮೇಲಿನ ಬೋಧೆಯಲ್ಲಿ ದಾನಕ್ಕೆ ಡಂಗುರ ಬೇಡವೆಂದು ಬುದ್ಧಿ ಹೇಳಿದ್ದಾನೆ. ಪ್ರೇರಣೆ ಬೇಕಾದವರು ಅದನ್ನು ಓದಿಕೊಳ್ಳಲಿ. ತಟ್ಟೆಯೊಡ್ಡಿ ನಿಂತ ಮುದುಕಿಯ ಮುಖ ನಮ್ಮ ವಾರ್ಷಿಕ ವರದಿಗೆ ಅಲಂಕಾರವಾಗಬೇಕಾಗಿಲ್ಲ.

ಹಾಗಾದರೆ ಕ್ರಿಸ್‌ಮಸ್ಸಿನಲ್ಲಿ ಏನೂ ಮಾಡಬಾರದೆ? ಖಂಡಿತ ಮಾಡಬೇಕು. ಹೇಗೆಂಬುದನ್ನು ಡೆನ್ಮಾರ್ಕಿನ ಅಂಚೆ ಕಚೇರಿಯ ಒಬ್ಬ ನೌಕರ ತೋರಿಸಿಕೊಟ್ಟಿದ್ದಾನೆ. ಅವನ ಹೆಸರು ಐನಾರ್ ಹೋಲ್‌ಬೋಲ್. ಡಿಸೆಂಬರಿನಲ್ಲಿ ಗುಡ್ಡೆಗುಡ್ಡೆಯಾಗಿ ಬೀಳುತ್ತಿದ್ದ ಹಬ್ಬದ ಕಾಗದಗಳನ್ನು ವಿಂಗಡಿಸುತ್ತ, ಪ್ರತಿಯೊಂದಕ್ಕೂ ಅಂಚೆಚೀಟಿಯ ಜೊತೆ ಒಂದು ಪುಡಿಗಾಸಿನ ಚೀಟಿಯನ್ನು ಜನ ಅಂಟಿಸಿದರೆ ಕ್ಷಯರೋಗದ ಮಕ್ಕಳಿಗೆ ಎಷ್ಟು ಹಣವಾದೀತು ಎಂದು ಅವನು ಲೆಕ್ಕ ಹಾಕಿದ. 1904ರ ಕ್ರಿಸ್‌ಮಸ್ಸಿಗೆ ಹೊರಟ ಆ ಚೀಟಿ ಮೊದಲ ವರ್ಷವೇ ನಲವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆ ಪುಡಿಗಾಸಿನಿಂದ ಕೋಲ್ಡಿಂಗ್ ಎಂಬಲ್ಲಿ ಚಿಕಿತ್ಸಾಲಯವೇ ಎದ್ದಿತು. 1907ರಲ್ಲಿ ಅಮೆರಿಕದ ಡೆಲವೇರಿನಲ್ಲಿ ಎಮಿಲಿ ಬಿಸ್ಸೆಲ್ ಎಂಬಾಕೆ ಒಂದು ಸಣ್ಣ ಕ್ಷಯ ಚಿಕಿತ್ಸಾಲಯವನ್ನು ಉಳಿಸಿಕೊಳ್ಳಲು ಇದೇ ಉಪಾಯ ಹಿಡಿದಳು. ಬೇಕಾಗಿದ್ದದ್ದು 300 ಡಾಲರು, ಕೂಡಿದ್ದು ಅದರ ಹತ್ತರಷ್ಟು. ನಮ್ಮ ದೇಶದಲ್ಲಿಯೂ ಗಾಂಧಿ ಜಯಂತಿಯಂದು ಆರಂಭವಾಗುತ್ತಿದ್ದ ಟಿ.ಬಿ. ಸೀಲಿನ ಮಾರಾಟವನ್ನು ಶಾಲೆಯಲ್ಲಿದ್ದಾಗ ಕಂಡವರು ಓದುಗರಲ್ಲಿ ಅನೇಕರಿರಬಹುದು.

ಹೋಲ್‌ಬೋಲ್‌ನ ಜಾಣತನ ಎಲ್ಲಿತ್ತೆಂದು ಗಮನಿಸಬೇಕು. ಅವನು ಹಬ್ಬದ ದಿನ ಹಂಚಲಿಲ್ಲ, ಹಬ್ಬದ ಹೊತ್ತಿನಲ್ಲಿ ಕೂಡಿಸಿದ. ಜನರ ಮನಸ್ಸು ಮೆತ್ತಗಾಗುವುದು ಡಿಸೆಂಬರಿನಲ್ಲಿ, ರೋಗ ಕಾಡುವುದು ಹನ್ನೆರಡು ತಿಂಗಳೂ ಎಂಬುದು ಅವನಿಗೆ ಗೊತ್ತಿತ್ತು. ಕೂಡಿಸುವುದಕ್ಕೆ ಹಬ್ಬ, ಖರ್ಚಿಗೆ ವರ್ಷ — ಇಷ್ಟೇ ಆ ಸೂತ್ರ.

ಇದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ 1843ರಲ್ಲಿಯೇ ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾಯಿತು. ಜಿಪುಣ ಸ್ಕ್ರೂಜ್ ಮನಸ್ಸು ತಿರುಗಿ ತನ್ನ ಗುಮಾಸ್ತನ ಮನೆಗೆ ಟರ್ಕಿ ಕೋಳಿ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಮರುದಿನ ಅವನು ಮಾಡಿದ್ದನ್ನು ಮಾತ್ರ ಮರೆಯುತ್ತೇವೆ: ಆ ಗುಮಾಸ್ತನ ಸಂಬಳ ಏರಿಸಿದ, ಸಂಸಾರಕ್ಕೆ ಆಸರೆಯಾಗಿ ನಿಂತ. ಕಾಯಿಲೆಯ ಹುಡುಗ ಟಿಮ್ ಬದುಕಿ ಉಳಿದದ್ದು ಒಂದು ದಿನದ ಕೋಳಿಯಿಂದಲ್ಲ, ಮುಂದಿನ ದಿನಗಳ ಆ ಆಸರೆಯಿಂದ ಎಂದೇ ನಾವು ಓದಿಕೊಂಡಿದ್ದೇವೆ. ಆಶ್ರಮದಲ್ಲಿ ಕಂಬಳಿ ಹಂಚಿ ಬಂದವರು ಮನೆಯ ಕೆಲಸದಾಕೆ ಕಾಯಿಲೆಯಿಂದ ನಾಲ್ಕು ದಿನ ಬರದಿದ್ದರೆ ಸಂಬಳ ಮುರಿದುಕೊಳ್ಳುವುದನ್ನು ಕಂಡಿದ್ದೇವೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಕ್ರಿಸ್‌ಮಸ್ಸಿನ ಪುಣ್ಯವನ್ನು ಅಲ್ಲಿಂದಲೇ ಆರಂಭಿಸಬಹುದು.

ಇದಾವುದೂ ನಮಗೆ ಹೊಸತಲ್ಲ. ನಮ್ಮ ಕಡೆ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿ ಮುಂದೆ ಬಂದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾರಿಗೂ ಹೊರೆಯಿಲ್ಲ, ಹುಡುಗನಿಗೆ ಒಂದು ದಿನವೂ ಉಪವಾಸವಿಲ್ಲ. ಅದರಲ್ಲಿದ್ದ ಜಾತಿಯ ಕಟ್ಟನ್ನು ಬಿಡೋಣ, ಅದರ ಲೆಕ್ಕವನ್ನು ಹಿಡಿಯೋಣ. ಈ ಮುಂಬಯಿಯಲ್ಲಿಯೇ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ಸಂಜೆ ಅಲ್ಲಿ ಬೆಂಚಿನ ಮೇಲೆ ಕುಳಿತು ಓದಿದರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲೀಕರೂ ಆದರು. ಆ ಶಾಲೆಗಳ ದೀಪ ಉರಿದದ್ದು ವರ್ಷಕ್ಕೊಂದು ಸಂಜೆಯಲ್ಲ. ಅಂತಹವರ ಮಕ್ಕಳು, ಮೊಮ್ಮಕ್ಕಳು ನಾವು ಒಂದು ದಿನದ ಕೇಕಿಗೆ ಇಳಿದಿರುವುದು ನಾಚಿಕೆಗೇಡು.

ಟೀಕೆ ಮಾಡಿ ಕೈಕಟ್ಟಿ ಕೂರುವುದು ಸುಲಭವಾದ್ದರಿಂದ ಮೂರು ಸಲಹೆಗಳನ್ನು ಸಂಘದ ಬಂಧುಗಳ ಮುಂದಿಡುತ್ತೇವೆ.

ಮೊದಲನೆಯದು, ಈ ಕ್ರಿಸ್‌ಮಸ್ಸಿನಂದು ಪ್ರತಿ ಮನೆಯಲ್ಲಿ ಒಂದು ಡಬ್ಬಿ ಇಡೋಣ. ನಮ್ಮ ಅಜ್ಜಿಯಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದಿಡುತ್ತಿದ್ದರಲ್ಲ, ಅದೇ ಕ್ರಮ. ದಿನಕ್ಕೆ ಹತ್ತು ರೂಪಾಯಿಯಂತೆ ವರ್ಷಕ್ಕೆ 3,650. ನೂರು ಮನೆ ಸೇರಿದರೆ 3,65,000. ದೂರದಿಂದ ಬಂದ ರೋಗಿಗಳ ಬಾಡಿಗೆಗೆ, ಊಟಕ್ಕೆ, ಊರಿಗೆ ಹಿಂದಿರುಗುವ ರೈಲಿನ ಚಾರ್ಜಿಗೆ ಇದು ತಿಂಗಳು ತಿಂಗಳೂ ಸಲ್ಲಲಿ. ಲೆಕ್ಕ ಸಂಘದ ಸೂಚನಾ ಫಲಕದಲ್ಲಿರಲಿ, ಕೊಟ್ಟವರ ಹೆಸರು ಬೇಡ.

ಎರಡನೆಯದು, ರಕ್ತದಾನಕ್ಕೆ ಶಿಬಿರದ ಬದಲು ಪಟ್ಟಿ. ಒಮ್ಮೆ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಕಳೆದ ಮೇಲೆ ಮತ್ತೆ ಕೊಡಬಹುದು. ಆರೋಗ್ಯವಂತ ಸದಸ್ಯರನ್ನು ಹನ್ನೆರಡು ತಿಂಗಳಿಗೆ ಹಂಚಿ, ಊರಿಗೆ ಹೋಗದವರನ್ನು ಮೇ ತಿಂಗಳಿಗೆ ಬರೆದುಕೊಂಡರೆ ಬರಗಾಲದಲ್ಲಿ ನಾಲ್ಕು ಜೀವಗಳಿಗಾದರೂ ಆಧಾರವಾದೀತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ನಿವೃತ್ತ ಸದಸ್ಯರ ಸಮಯ. ಬ್ಯಾಂಕು, ರೈಲ್ವೆ, ಅಂಚೆ ಇಲಾಖೆಗಳಲ್ಲಿ ಮೂವತ್ತು ವರ್ಷ ಅರ್ಜಿ ಕಾಗದಗಳೊಡನೆ ಗುದ್ದಾಡಿದವರು ನಮ್ಮಲ್ಲಿದ್ದಾರೆ. ಮರಾಠಿ, ಹಿಂದಿ ಅವರಿಗೆ ನೀರು ಕುಡಿದಷ್ಟು ಸಲೀಸು. ವಾರಕ್ಕೆ ಒಂದು ಬೆಳಿಗ್ಗೆ, ಇಬ್ಬರಂತೆ, ಆಸ್ಪತ್ರೆಯವರ ಒಪ್ಪಿಗೆ ಪಡೆದು ನಮ್ಮ ಕಡೆಯ ರೋಗಿಗಳ ಜೊತೆ ಕಿಟಕಿಯಿಂದ ಕಿಟಕಿಗೆ ನಡೆದರೆ ಸಾಕು. "ಯಾವೂರು ತಾಯಿ ನಿಮ್ಮದು?" ಎಂಬ ಒಂದು ಮಾತು, ದಿಕ್ಕು ತೋಚದೆ ನಿಂತ ಹೆಂಗಸಿಗೆ ಯಾವ ಕೇಕಿಗಿಂತಲೂ ಸವಿಯಾಗಿರುತ್ತದೆ.

ಕಾರ್ಯಕಾರಿ ಸಮಿತಿಯವರು ಈ ವರ್ಷ ಕೇಕಿನ ಆರ್ಡರು ಕೊಡುವ ಮುನ್ನ ಈ ಮೂರನ್ನು ಸಭೆಯ ಮುಂದಿಡಬೇಕೆಂದು ಒತ್ತಾಯಿಸುತ್ತೇವೆ. ಒಪ್ಪದಿದ್ದರೆ ಕಾರಣ ಹೇಳಲಿ. ಒಪ್ಪಿದರೆ ಪಟ್ಟಿಯಲ್ಲಿ ಮೊದಲ ಹೆಸರುಗಳು ನಮ್ಮವೇ ಆಗಿರಲಿ. ಕ್ರಿಸ್‌ಮಸ್ ಈ ವರ್ಷವೂ ಬಂದು ಹೋಗುತ್ತದೆ. ಪರೇಲಿಗೆ ರೋಗಿಗಳು ಜನವರಿಯಲ್ಲಿಯೂ ಬರುತ್ತಾರೆ.