ಹಾಜರಿ ಇಬ್ಬರದೂ ಆಗಲಿ

ಪದವಿ ವಿದ್ಯಾರ್ಥಿಗೆ ಶೇ. 75ರಷ್ಟು ಹಾಜರಿ ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ ವಿದ್ಯಾರ್ಥಿಗಳೂ ತಂದೆತಾಯಿಗಳೂ ಚೆನ್ನಾಗಿ ಬಲ್ಲ ನಿಯಮ ಇದೊಂದೇ ಇರಬೇಕು. ನಿಯಮ ಒಳ್ಳೆಯದೇ. ತರಗತಿಗೆ ಬಾರದೆ, ಕೊನೆಯ ವಾರ ಗೈಡು ಓದಿ ಪಾಸಾಗುವುದು ಓದಲ್ಲ. ಆದರೆ ವಿದ್ಯಾರ್ಥಿ ಬಂದು ಕೂತಾಗ ಎದುರಿಗೆ ಪಾಠ ಮಾಡುವವರು ಇರಬೇಕು, ಇಲ್ಲದಿದ್ದರೆ ಇಂಥವರು ಉತ್ತರ ಕೊಡಬೇಕು ಎನ್ನುವ ಮಾತು ಇಷ್ಟೇ ಗಟ್ಟಿಯಾಗಿ ಎಲ್ಲಿಯೂ ಕೇಳಿಸುವುದಿಲ್ಲ. ಒಂದೇ ಕಡೆಯವರನ್ನು ಕಟ್ಟಿಹಾಕುವ ನಿಯಮಕ್ಕೆ ಶಿಸ್ತು ಎನ್ನಬಹುದೇ? ವಿಶ್ವವಿದ್ಯಾಲಯದ ಶೈಕ್ಷಣಿಕ ನೀತಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು ಎಂದು ನನ್ನ ನಂಬಿಕೆ. ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮಕ್ಕಳ ಕಡೆಯಿಂದ ನೋಡಿದರೆ ಈ ಪ್ರಶ್ನೆಯ ತೂಕ ಇನ್ನಷ್ಟು ತಿಳಿಯುತ್ತದೆ.

ಈ ಸೀಮೆಗೆ ವಿಶ್ವವಿದ್ಯಾಲಯ ಹತ್ತಿರ ಬಂದದ್ದು ಬಹಳ ನಿಧಾನವಾಗಿ. ನಿಜಾಮರ ಕಾಲದಲ್ಲಿ ಉನ್ನತ ಶಿಕ್ಷಣಕ್ಕೆ ನೋಡಬೇಕಾಗಿದ್ದದ್ದು 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ. ಅಲ್ಲಿ ಬೋಧನೆ ಉರ್ದುವಿನಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆಂದು ಪ್ರತ್ಯೇಕ ವಿಶ್ವವಿದ್ಯಾಲಯ ಕೆಲಸ ಶುರುಮಾಡಿದ್ದು 2021ರಲ್ಲಿ. ಈಗ ಅದು ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಒಂದು ಅಂಕಪಟ್ಟಿ ತಿದ್ದಿಸಲು ಕಲಬುರಗಿಯವರೆಗೆ ಹೋಗಿ ಬರುವ ಕಾಲ ಮುಗಿಯಿತು ಎಂದು ಇಲ್ಲಿಯವರು ಹಿಗ್ಗಿದ್ದು ಸಹಜವೇ. ಕಚೇರಿ ಹತ್ತಿರ ಬಂದದ್ದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಮಕ್ಕಳು ಓದುವುದು ಯರಗೇರಾದಲ್ಲಿರುವ ಅದರ ಕ್ಯಾಂಪಸ್ಸಿನಲ್ಲಿ ಅಲ್ಲ. ಅವರಲ್ಲಿ ಬಹುಪಾಲು ಓದುವುದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ, ಇಲ್ಲವೇ ಊರಿನ ಖಾಸಗಿ ಪದವಿ ಕಾಲೇಜಿನಲ್ಲಿ. ವಿಶ್ವವಿದ್ಯಾಲಯದ ನೀತಿ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದು ಅಲ್ಲಿಯ ತರಗತಿಯಲ್ಲಿ.

ಆ ತರಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೆಮಿಸ್ಟರ್ ಶುರುವಾಗಿದೆ. ವೇಳಾಪಟ್ಟಿ ಗೋಡೆಗೆ ಅಂಟಿದೆ. ವಿಷಯದ ಹೆಸರಿನ ಎದುರು ಅಧ್ಯಾಪಕರ ಹೆಸರು ಇರಬೇಕಾದ ಚೌಕಗಳಲ್ಲಿ ಹಲವು ಖಾಲಿ. ಕಾಯಂ ಹುದ್ದೆ ತುಂಬಿಲ್ಲ. ಅತಿಥಿ ಉಪನ್ಯಾಸಕರ ಅರ್ಜಿ, ಕಾರ್ಯಭಾರದ ಲೆಕ್ಕ, ಕೌನ್ಸೆಲಿಂಗ್ ಮುಗಿದು ಆದೇಶ ಬರಬೇಕು. ಅಲ್ಲಿಯವರೆಗೆ ಇದ್ದ ಇಬ್ಬರು ಮೂವರು ಎಲ್ಲ ತರಗತಿಗಳನ್ನು ಸುಧಾರಿಸಬೇಕು. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬಂದ ಹುಡುಗಿ ಎರಡನೆಯ ಪಿರಿಯಡ್ ಮುಗಿಸಿ ಮರದ ಕೆಳಗೆ ಕಾಯುತ್ತಾಳೆ. ನಾಲ್ಕು ದಿನ ಹೀಗೆ ನಡೆದರೆ ಐದನೆಯ ದಿನ ಅವಳಾಗಲಿ ಅವಳ ಮನೆಯವರಾಗಲಿ ಯೋಚಿಸುವುದು ಒಂದೇ: ಹೊಲದಲ್ಲಿ ಹತ್ತಿ ಬಿಡಿಸುವುದಿದೆ, ಸುಮ್ಮನೆ ಯಾಕೆ ಹೋಗಬೇಕು? ತಿಂಗಳ ಮೇಲೆ ಉಪನ್ಯಾಸಕರು ಬಂದು ಪಾಠ ಶುರುವಾಗುವಾಗ ಈ ಹುಡುಗಿಗೆ ಕಾಲೇಜಿನ ರೂಢಿಯೇ ತಪ್ಪಿರುತ್ತದೆ. ಸೆಮಿಸ್ಟರಿನ ಕೊನೆಗೆ ಹಾಜರಿ ಕೊರತೆಯವರ ಪಟ್ಟಿಯಲ್ಲಿ ಅವಳ ಹೆಸರು ಇರುತ್ತದೆ. ಖಾಲಿ ಚೌಕಗಳ ಪಟ್ಟಿಯನ್ನು ಮಾತ್ರ ಯಾರೂ ಅಂಟಿಸುವುದಿಲ್ಲ.

ಇದು ಉಪನ್ಯಾಸಕರ ಮೇಲಿನ ದೂರಲ್ಲ. ಅವರ ಸ್ಥಿತಿ ವಿದ್ಯಾರ್ಥಿಗಳಿಗಿಂತ ಕಷ್ಟದ್ದು. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರಿಂದ. ಅವರು ತರಗತಿ ಬಹಿಷ್ಕರಿಸಿ ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅರ್ಹತೆಯೂ ಐದು ವರ್ಷದ ಅನುಭವವೂ ಇದ್ದವರಿಗೆ ತಿಂಗಳಿಗೆ 32 ಸಾವಿರ ರೂಪಾಯಿ ಎಂದಾಯಿತು. ಅದರ ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದ್ದರಿಂದ, ಇಬ್ಬರು ಹಂಚಿಕೊಂಡಿದ್ದ ಕೆಲಸ ಒಬ್ಬರ ಪಾಲಾಗಿ ಎಷ್ಟೋ ಜನ ಹೊರಗುಳಿದರು. 2023ರ ಕೊನೆಯಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಕಾಯಂ ನೇಮಕಾತಿಯ ಕಥೆಯೂ ಹೀಗೆಯೇ. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆದು, ಆಯ್ಕೆಯಾದವರು ತರಗತಿಗೆ ಬರುವಷ್ಟರಲ್ಲಿ ಅಧಿಸೂಚನೆಯ ವರ್ಷ ಪದವಿಗೆ ಸೇರಿದ್ದ ವಿದ್ಯಾರ್ಥಿಗಳ ಓದೇ ಮುಗಿಯುತ್ತ ಬಂದಿತ್ತು. ಈ ಸೀಮೆಯನ್ನೊಳಗೊಂಡ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಉದ್ಯೋಗದಲ್ಲಿ, ವಿಶ್ವವಿದ್ಯಾಲಯದ ಸೀಟುಗಳಲ್ಲಿ ಮೀಸಲಾತಿ ಸಿಕ್ಕಿದ್ದು ದೊಡ್ಡ ಹೋರಾಟದ ಫಲ. ಹುದ್ದೆಯನ್ನೇ ತುಂಬದಿದ್ದರೆ ಮೀಸಲಾತಿಯಿಂದ ಯಾರಿಗೆ ಏನು ಸಿಕ್ಕಂತಾಯಿತು?

ಪಾಠ ಮಾಡುವವರು ಅತಂತ್ರರಾದರೆ ಪಠ್ಯವಾದರೂ ನೆಲೆಯಾಗಿ ನಿಂತಿದೆಯೇ? 2021ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಿಗೆ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಪ್ರತಿ ವರ್ಷದ ಕೊನೆಗೂ ಹೊರಹೋಗುವ ಅವಕಾಶ, ಮುಕ್ತ ಐಚ್ಛಿಕ ವಿಷಯ ಎಲ್ಲವೂ ಬಂದವು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯಂತೆ 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಬೇರೆ. ನಾಲ್ಕನೆಯ ವರ್ಷ ಓದಿಸುವ ಶಕ್ತಿ ಇಲ್ಲದ ಮನೆಗಳಿಗೆ ಮೂರು ವರ್ಷದ ಪದವಿಯೇ ಆಸರೆ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ವರ್ಷ ಒಂದೇ ಕಾಲೇಜಿನ ಮೊದಲ ವರ್ಷದವರದು ಒಂದು ಪದ್ಧತಿ, ಎರಡು ಮತ್ತು ಮೂರನೆಯ ವರ್ಷದವರದು ಇನ್ನೊಂದು. ಅಕ್ಕ ಓದಿದ ಪುಸ್ತಕ ತಂಗಿಗೆ ಬರಲಿಲ್ಲ. ಆದೇಶ ಹೊರಟದ್ದು 2024ರ ಮೇ ತಿಂಗಳಲ್ಲಿ, ದಾಖಲಾತಿ ಬಾಗಿಲಿಗೆ ಬಂದಾಗ. ದೊಡ್ಡ ಊರಿನ ಕಾಲೇಜು ಇಂಥ ಬದಲಾವಣೆಯನ್ನು ಹೇಗೋ ತಡೆದುಕೊಳ್ಳುತ್ತದೆ. ಅತಿಥಿ ಉಪನ್ಯಾಸಕರನ್ನೇ ನಂಬಿದ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರಲು ವರ್ಷ ಹಿಡಿಯುವ ಕಾಲೇಜಿಗೆ ಅದು ಸಾಧ್ಯವಿಲ್ಲ.

ಅಧ್ಯಾಪಕರ ಮೇಲಿನ ನಿಯಮಗಳೂ ಹೀಗೆಯೇ ಅತ್ತಿಂದಿತ್ತ ಸರಿದಾಡಿವೆ. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕಗಳ ಪದ್ಧತಿ ತಂದಿತು. ಪ್ರಕಟವಾದ ಲೇಖನಕ್ಕೆ ಇಷ್ಟು, ವಿಚಾರ ಸಂಕಿರಣಕ್ಕೆ ಇಷ್ಟು. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕಗಳು ಹುಟ್ಟಿಕೊಂಡವು. ಅವನ್ನು ತಡೆಯಲು ಮಾಡಿದ, ನಂಬಬಹುದಾದ ನಿಯತಕಾಲಿಕಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರಿಂದ ಪಿಎಚ್‌ಡಿ ಕಡ್ಡಾಯ ಎಂದು 2018ರಲ್ಲಿ ಹೇಳಿ, ಆಮೇಲೆ 2023ಕ್ಕೆ ಮುಂದೂಡಿ, ಆ ವರ್ಷ ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಸಾಕು ಎಂದಿತು. ಈ ನಡುವೆ ಎಷ್ಟು ಜನ ಬಡ ಮನೆಯ ತರುಣರು ಸಾಲ ಮಾಡಿ ಸಂಶೋಧನೆಗೆ ಸೇರಿದ್ದರೋ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ವರ್ಷಕ್ಕೆ 180 ಬೋಧನಾ ದಿನ ಎಂಬ ನಿಯಮ 2018ರ ನಿಯಮಾವಳಿಯಲ್ಲಿಯೇ ಇದೆ. ಆದರೆ ನಿಜವಾಗಿ ಎಷ್ಟು ದಿನ ಪಾಠವಾಯಿತು ಎಂದು ವಿದ್ಯಾರ್ಥಿಗೆ ಲೆಕ್ಕ ಕೊಡುವ ಏರ್ಪಾಡು ಎಲ್ಲಿದೆ?

ಇಬ್ಬರನ್ನೂ ಕಟ್ಟುವ ನಿಯಮ ಹೇಗಿರುತ್ತದೆ ಎಂದು ತಿಳಿಯಲು ಹಟ್ಟಿಯವರು ದೂರ ಹೋಗಬೇಕಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಅದಿರಿನ ಮುಖ್ಯ ಗಣಿ ಎಂದರೆ ಹಟ್ಟಿಯೇ. ಇಲ್ಲಿ ಪಾಳಿಯ ಹೊತ್ತಿಗೆ ಸರಿಯಾಗಿ ಕಾರ್ಮಿಕ ಹಾಜರಿರಬೇಕು. ಯಾರು ಇಳಿದರು, ಯಾರು ಹತ್ತಿ ಬಂದರು ಎಂಬ ಲೆಕ್ಕ ತಪ್ಪುವ ಹಾಗಿಲ್ಲ. ಆದರೆ 1952ರ ಗಣಿ ಕಾಯ್ದೆ ಕಾರ್ಮಿಕನನ್ನಷ್ಟೇ ಕಟ್ಟಲಿಲ್ಲ. ನೆಲದಡಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದು ಅದು ಮಾಲೀಕನಿಗೆ ಹೇಳಿತು. ಕೆಲಸದ ಜಾಗ ಸುರಕ್ಷಿತವೇ ಎಂದು ನೋಡುವ ಹೊಣೆಯನ್ನು ಮೇಲ್ವಿಚಾರಕರ ಮೇಲೆ, ಒಟ್ಟು ಗಣಿಯ ಹೊಣೆಯನ್ನು ಮಾಲೀಕ ಮತ್ತು ಮ್ಯಾನೇಜರ್ ಮೇಲೆ ಹೊರಿಸಿತು. ಗಣಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅಪಘಾತಗಳೂ ಆಗಿವೆ, ಗುತ್ತಿಗೆ ಕಾರ್ಮಿಕರ ದೂರುಗಳೂ ಇವೆ. ಆದರೆ ತಪ್ಪಾದಾಗ ಯಾರನ್ನು ಕೇಳಬೇಕು ಎಂಬುದು ಅಲ್ಲಿ ಕಾಯ್ದೆಯಲ್ಲಿಯೇ ಇದೆ. ಗಣಿಯಲ್ಲಿ ದುಡಿಯುವ ತಂದೆಗೆ ಇರುವ ಈ ರಕ್ಷಣೆ ಕಾಲೇಜಿಗೆ ಹೋಗುವ ಮಗನಿಗೆ ಯಾಕಿಲ್ಲ? ಕಾಲೇಜಿನಲ್ಲಿ ಪಾಠ ನಡೆಯದಿದ್ದರೆ ವಿಶ್ವವಿದ್ಯಾಲಯ ಇಲಾಖೆಯನ್ನು ತೋರಿಸುತ್ತದೆ, ಇಲಾಖೆ ಹಣಕಾಸಿನವರ ಒಪ್ಪಿಗೆಯನ್ನು ತೋರಿಸುತ್ತದೆ. ಸೆಮಿಸ್ಟರ್ ಯಾರಿಗೂ ಕಾಯದೆ ಮುಗಿದುಹೋಗುತ್ತದೆ.

ಇದಕ್ಕೆ ಎದುರಾಗಿ ಎರಡು ಮಾತು ಕೇಳಿಬರುತ್ತವೆ. ವಿದ್ಯಾರ್ಥಿಗಳಿಗೆ ಸಲಿಗೆ ಕೊಟ್ಟರೆ ಗುಣಮಟ್ಟ ಕುಸಿಯುತ್ತದೆ ಎಂಬುದು ಮೊದಲನೆಯದು. ನಾನು ಕೇಳುತ್ತಿರುವುದು ಸಲಿಗೆಯಲ್ಲ. ಶೇ. 75 ಇರಲಿ, ಆದರೆ ಅದನ್ನು ನಡೆದ ಪಾಠದ ಮೇಲೆ ಲೆಕ್ಕ ಹಾಕಲಿ, ನಡೆಯದ ಪಾಠಕ್ಕೆ ಉತ್ತರವೂ ಸಿಗಲಿ. ಹತ್ತಿ ಬಿಡಿಸುವ, ಭತ್ತ ಕೊಯ್ಯುವ ತಿಂಗಳಲ್ಲಿ ಕೂಲಿಗೆ ಹೋಗಲೇಬೇಕಾದವರು, ಮನೆಯವರೊಂದಿಗೆ ಗುಳೆ ಹೋಗಿ ಬಂದವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಕಾಯಿಲೆಯಾದವರಿಗೆ ವೈದ್ಯರ ಚೀಟಿ ಮೇಲೆ ವಿನಾಯಿತಿ ಕೊಡುವಾಗ ದುಡಿಮೆಯ ಅನಿವಾರ್ಯಕ್ಕೂ ಒಂದು ದಾರಿ ಇರಬೇಕು: ತಪ್ಪಿದ ಪಾಠವನ್ನು ಬಿಡುವಿನ ದಿನಗಳಲ್ಲಿ ಕೂಡಿಸಿ ಮಾಡಲಿ, ಆಮೇಲೆ ಪರೀಕ್ಷೆ ಕಟ್ಟುನಿಟ್ಟಾಗಿಯೇ ನಡೆಯಲಿ. ಎರಡನೆಯ ಮಾತು ಹಣದ್ದು. ಅತಿಥಿ ಉಪನ್ಯಾಸಕರಿಗೆ ಕೊಡುವ ಹಣ ಹೇಗೂ ಪ್ರತಿ ವರ್ಷ ಖರ್ಚಾಗುತ್ತದೆ. ಅದೇ ಆದೇಶವನ್ನು ಸೆಮಿಸ್ಟರ್ ಶುರುವಾಗುವ ಮುನ್ನ ಕೊಡುವುದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಮುಂದಾಲೋಚನೆ.

ಹಾಗಾದರೆ ಏನು ಮಾಡಬೇಕು? ಅತಿಥಿ ಉಪನ್ಯಾಸಕರ ನೇಮಕ ತರಗತಿ ಆರಂಭಕ್ಕೆ ಮೊದಲೇ ಮುಗಿಯಬೇಕು, ರಜೆಯ ತಿಂಗಳೂ ಸೇರಿ ಇಡೀ ಶೈಕ್ಷಣಿಕ ವರ್ಷಕ್ಕೆ ಇರಬೇಕು. ಪಠ್ಯ, ಪದ್ಧತಿ ಬದಲಿಸುವುದಿದ್ದರೆ ಒಂದು ವರ್ಷ ಮೊದಲು ಹೇಳಬೇಕು. ಫಲಿತಾಂಶಕ್ಕೂ ಮರುಮೌಲ್ಯಮಾಪನಕ್ಕೂ ದಿನ ಗೊತ್ತುಮಾಡಬೇಕು. ಮರುಮೌಲ್ಯಮಾಪನದಲ್ಲಿ ವಿದ್ಯಾರ್ಥಿಯದೇ ಸರಿ ಎಂದಾದರೆ ಶುಲ್ಕ ವಾಪಸಾಗಬೇಕು. ವಿಳಂಬಕ್ಕೆ ಬೆಲೆ ಕಟ್ಟುವುದು ಕರ್ನಾಟಕಕ್ಕೆ ಹೊಸದಲ್ಲ. 2011ರ ಸಕಾಲ ಕಾಯ್ದೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ಮೊತ್ತ ಚಿಕ್ಕದು, ಆದರೆ ತಡಮಾಡಿದ ಅಧಿಕಾರಿ ಹೆಸರು ಹೇಳಿಕೊಂಡು ಉತ್ತರ ಕೊಡಬೇಕೆಂಬ ತತ್ವ ದೊಡ್ಡದು. ಅದು ಅಂಕಪಟ್ಟಿಗೂ ತರಗತಿಗೂ ಪೂರ್ತಿಯಾಗಿ ಅನ್ವಯಿಸಲಿ.

ನಿಯಮ ಜನರಿಗೆ ಕಾಣುವ ಕಡೆ, ಅವರಿಗೆ ತಿಳಿಯುವ ಮಾತಿನಲ್ಲಿಯೂ ಇರಬೇಕು. ಇದನ್ನು ಈ ನೆಲ ಎರಡು ಸಾವಿರ ವರ್ಷಕ್ಕೂ ಹಿಂದೆ ಕಂಡಿದೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಮಾತನ್ನು ಕೆತ್ತಿಸಿದ್ದು ಜನಬಳಕೆಗೆ ಹತ್ತಿರದ ಪ್ರಾಕೃತದಲ್ಲಿ. 1915ರಲ್ಲಿ ಅದನ್ನು ಪತ್ತೆಹಚ್ಚಿದವನು ಚಿನ್ನ ಹುಡುಕಿ ಬಂದಿದ್ದ ಬೀಡನ್ ಎಂಬ ಎಂಜಿನಿಯರ್. ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯನೂ ಅದನ್ನು ಮುಟ್ಟಬಲ್ಲ ಎಂಬುದು ಆ ಶಾಸನದ ಸಾರ. ಇಂದಿನ ವಿದ್ಯಾರ್ಥಿಗೆ ತನ್ನ ವಿಶ್ವವಿದ್ಯಾಲಯದ ಪರೀಕ್ಷಾ ನಿಯಮ, ದೂರು ಕೊಡುವ ಕ್ರಮ ಬಹುಮಟ್ಟಿಗೆ ಇಂಗ್ಲಿಷಿನ ಸುತ್ತೋಲೆಯಲ್ಲಿ, ಜಾಲತಾಣದ ಒಳಪುಟದಲ್ಲಿ ಸಿಗುತ್ತದೆ. ಅವು ಕನ್ನಡದಲ್ಲಿ ಪ್ರತಿ ಕಾಲೇಜಿನ ಗೋಡೆಯ ಮೇಲೆ ಬರಲಿ. ವಿದ್ಯಾರ್ಥಿಗಳ ಹಾಜರಿ ಪಟ್ಟಿಯ ಪಕ್ಕದಲ್ಲಿಯೇ ಪ್ರತಿ ತಿಂಗಳು ಇನ್ನೊಂದು ಪಟ್ಟಿಯೂ ಅಂಟಲಿ: ಯಾವ ವಿಷಯಕ್ಕೆ ಎಷ್ಟು ತರಗತಿ ನಡೆಯಬೇಕಿತ್ತು, ಎಷ್ಟು ನಡೆಯಿತು, ನಡೆಯದಿದ್ದರೆ ಏಕೆ. ಹುದ್ದೆ ತುಂಬಲು ಸರ್ಕಾರಕ್ಕೆ ವರ್ಷಗಳು ಬೇಕಾಗಬಹುದು. ಈ ಎರಡನೆಯ ಪಟ್ಟಿಗೆ ಹೊಸ ಕಾಯ್ದೆಯೂ ಬೇಡ, ಅನುದಾನವೂ ಬೇಡ. ವಿಶ್ವವಿದ್ಯಾಲಯ ಒಂದು ನಿರ್ಣಯ ಮಾಡಿದರೆ ಬರುವ ಸೆಮಿಸ್ಟರಿನಿಂದಲೇ ಶುರುವಾಗಬಹುದು. ವಿದ್ಯಾರ್ಥಿಗಳೂ ಪಾಲಕರೂ ಉಪನ್ಯಾಸಕರೂ ಒಟ್ಟಾಗಿ ಮೊದಲು ಕೇಳಬೇಕಾದದ್ದು ಇದನ್ನೇ.