ಟಿಕೆಟ್ಟಿನಲ್ಲಿ ಎರಡು ಗಡಿಯಾರ

ಮಕ್ಕಳೇ, ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ವಿಮಾನದ ಟಿಕೆಟ್ಟಿನಲ್ಲಿ ಹೀಗಿದೆ ಅಂದುಕೊಳ್ಳಿ: ಹೊರಡುವುದು ಮಧ್ಯಾಹ್ನ 1 ಗಂಟೆ, ಮುಟ್ಟುವುದು ಅದೇ ದಿನ ಸಂಜೆ 6.30. ಪ್ರಯಾಣ ಎಷ್ಟು ತಾಸಿನದು? ಐದೂವರೆ ಎಂದವರು ಪೆನ್ಸಿಲ್ ಕೆಳಗಿಡಬೇಡಿ, ಲೆಕ್ಕ ಇನ್ನೂ ಅರ್ಧ ಉಳಿದಿದೆ.

ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಬೆಳಕು ನಮಗೆ ಮೊದಲು ಹರಿಯುತ್ತದೆ, ಲಂಡನ್ನಿಗೆ ಆಮೇಲೆ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಅಲ್ಲಿ ಸಂಜೆ 6.30 ಆದಾಗ ನಮ್ಮ ಗೊಬ್ಬೂರಿನಲ್ಲಿ ನಡುರಾತ್ರಿ 12. ಅಂದರೆ ಪ್ರಯಾಣ 11 ತಾಸಿನದು. ಬೇಸಿಗೆಯಲ್ಲಿ ಅವರು ಗಡಿಯಾರವನ್ನೇ ಒಂದು ತಾಸು ಮುಂದೆ ತಿರುಗಿಸುತ್ತಾರೆ, ಆಗ ಅಂತರ ನಾಲ್ಕೂವರೆ. (ನಮ್ಮಲ್ಲೂ ಹೀಗೆ ಮಾಡಿದರೆ ಎಮ್ಮೆಗಳಿಗೆ ತಿಳಿಸುವವರು ಯಾರೋ!)

ಇದು ಬರೀ ಪಾಠದ ಲೆಕ್ಕವಲ್ಲ. ನಮ್ಮ ಓಣಿಯ ಒಬ್ಬ ತಾಯಿ, ಮಗಳು ಓದಲು ಹೋದ ದಿನ, ಸಂಜೆ ಆರೂವರೆಗೇ ಫೋನು ಹಿಡಿದು ಕೂತಿದ್ದರು. ಏಳಾಯಿತು, ಎಂಟಾಯಿತು. ರೊಟ್ಟಿ ತಾಟಿನಲ್ಲೇ ಒಣಗಿತು. ಒಂಬತ್ತಕ್ಕೆ ನಮ್ಮ ಮನೆಗೆ ಬಂದರು.

"ಕಾಕಾರ, ವಿಮಾನಕ್ಕ ಏನರ ಆಗ್ಯಾದೇನ್ರಿ?"

"ಏನೂ ಆಗಿಲ್ಲವ್ವಾ. ಇನ್ನಾ ಮೂರು ತಾಸು ನಿನ್ನ ಮಗಳು ಮ್ಯಾಲೇ ಇರ್ತಾಳ. ಹೋಗಿ ಉಣ್ಣು."

ಫೋನು ಬಂದದ್ದು ರಾತ್ರಿ ಒಂದಕ್ಕೆ. ವಿಮಾನ ಇಳಿದ ಮೇಲೂ ಪಾಸ್‌ಪೋರ್ಟ್ ತಪಾಸಣೆಯ ಸಾಲು, ಸಾಮಾನಿನ ದಾರಿ ಕಾಯುವುದು ಇರುತ್ತವಲ್ಲ! ಅದಕ್ಕೊಂದು ತಾಸು ಕೂಡಿಸಿಯೇ ಮನೆಯವರಿಗೆ ಹೇಳಿ ಹೋಗುವುದು ಒಳ್ಳೆಯದು.

ಇನ್ನು ದೂರ. ಬೆಂಗಳೂರು–ಲಂಡನ್ ಸುಮಾರು 8,000 ಕಿ.ಮೀ. ತಾಸಿಗೆ 900 ಕಿ.ಮೀ. ಹಾರಿದರೆ ಒಂಬತ್ತು ತಾಸು ಸಾಕು. ಆದರೆ ವಿಮಾನ ನೆಲದ ಮೇಲೆ ಉರುಳಬೇಕು, ನಿಧಾನವಾಗಿ ಏರಬೇಕು, ಹಾರಲು ಅನುಮತಿಯಿಲ್ಲದ ಆಕಾಶ ಬಂದರೆ ಸುತ್ತಬೇಕು. ಮೇಲಾಗಿ 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ವಾಪಸು ಪ್ರಯಾಣ ಒಂದು ತಾಸಿನಷ್ಟು ಕಡಿಮೆ. ಲಂಡನ್ನಿನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಮರುದಿನ ನಸುಕಿನ 5.30ಕ್ಕೆ ಬೆಂಗಳೂರು ಅಂತಿದ್ದರೆ ಹದಿನೈದೂವರೆ ತಾಸು ಎಂದು ಹೆದರಬೇಡಿ. ಐದೂವರೆ ಕಳೆಯಿರಿ, ಉಳಿಯುವುದು ಹತ್ತೇ.

ತಾರೀಖೂ ಹೀಗೆಯೇ ಕಣ್ಣು ಕಟ್ಟುತ್ತದೆ. 2021ರಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ಇಳಿಯಿತು. ನಡುವಿನ 10ನೇ ತಾರೀಖು ಆಕಾಶದಲ್ಲೇ ಕಳೆಯಿತು. ಆದರೂ ಪ್ರಯಾಣ ಹದಿನೇಳು ತಾಸು ಚಿಲ್ಲರೆ ಮಾತ್ರ, ದೂರ ಸುಮಾರು 14,000 ಕಿ.ಮೀ. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಹಾದದ್ದು ಉತ್ತರ ಧ್ರುವದ ಮೇಲಿಂದ. ಗೋಡೆಯ ನಕಾಶೆ ನೋಡಿದರೆ ಅದು ಸುತ್ತುದಾರಿ ಅನಿಸುತ್ತದೆ. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ತಾನಾಗಿಯೇ ಧ್ರುವದ ಕಡೆ ಸರಿಯುತ್ತದೆ.

ಅಂದಹಾಗೆ, ಗೊಬ್ಬೂರಿನಿಂದ ಕಲಬುರಗಿಗೆ ಬಸ್ಸು, ರಾತ್ರಿ ರೈಲು, ಬೆಂಗಳೂರಿನಿಂದ ದೇವನಹಳ್ಳಿಗೆ ಮತ್ತೊಂದು ಬಸ್ಸು. ಇದಕ್ಕೂ 11 ತಾಸಿಗೆ ಕಡಿಮೆಯೇನೂ ಹಿಡಿಯುವುದಿಲ್ಲ.